ಹೀರೋಗೆ ಬೇಡವಾದ ಬಾಗಿಲು, ನನಗೊದಗಿದ ಕಿಟಕಿ

ಸಿನಿಮಾದ ಹೀರೋ ಬಾಗಿಲಿನಿಂದ ಒಳಗೆ ಬಂದದ್ದನ್ನು ನಾನಂತೂ ನೋಡಿಲ್ಲ. ಬಾಗಿಲು ಹಾರುಹೊಡೆದಿರುತ್ತದೆ, ಕಾವಲಿನವ ಬೀಡಿ ಸೇದಲು ಹೋಗಿರುತ್ತಾನೆ, ಆದರೂ ನಮ್ಮ ಹೀರೋ ಪಕ್ಕದ ಗಾಜಿನ ಕಿಟಕಿಯನ್ನು ಒಡೆದುಕೊಂಡೇ ಬರುತ್ತಾನೆ. ಬಂದವನ ಕೈಗೆ ಖಳನ ಪಿಸ್ತೂಲು ಸಿಗುತ್ತದೆ. ನೀವೋ ನಾನೋ ಆಗಿದ್ದರೆ ಅದನ್ನು ಅವನತ್ತ ಹಿಡಿದು, ಪೊಲೀಸರು ಬರುವತನಕ ಚಹಾ ತರಿಸಿ ಕುಡಿಯುತ್ತಿದ್ದೆವು. ಇವನೋ ಅದನ್ನು ದೂರ ಎಸೆದು, ಬರಿಗೈಯಲ್ಲಿ ಬಾ ಎನ್ನುತ್ತಾನೆ. ಸ್ವಂತ ಅಣ್ಣನೇ ಇನ್‌ಸ್ಪೆಕ್ಟರ್ ಆಗಿದ್ದರೂ ಅವನಿಗೊಂದು ಮಾತು ಹೇಳಿ ಬಂದಿರುವುದಿಲ್ಲ. ಅತ್ತ ತಾಯಿಯನ್ನು ಕಂಬಕ್ಕೆ ಕಟ್ಟಿ ಕೆಳಗೆ ಬೆಂಕಿ ಹಚ್ಚಿದ್ದಾರೆ. ಇತ್ತ ಮಗ ಕೆನ್ನೆಗೊಂದು ಮಚ್ಚೆ ಅಂಟಿಸಿಕೊಂಡು, ವೇಷ ಮರೆಸಿದೆನೆಂದು ನಂಬಿ, ಮೊದಲು ಒಂದು ಹಾಡು ಹೇಳುತ್ತಾನೆ. ಖಳರೂ ನಂಬುತ್ತಾರೆ! ನನಗೆ ಮೈ ಜುಮ್ಮೆನ್ನುತ್ತಿತ್ತು. ಇಷ್ಟು ಕಡಿಮೆ ಬುದ್ಧಿಯಲ್ಲಿ ಇಷ್ಟು ದಿನ ಬದುಕಿರುವುದು ಸಾಮಾನ್ಯರಿಂದ ಆಗುವ ಕೆಲಸವೇ?

ನಮ್ಮ ಮಾನ್ವಿಯ ಟೆಂಟಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ತಡಿಕೆ. ಅದರಾಚೆ ನಮ್ಮವ್ವ ಕೂತಿರುತ್ತಿದ್ದಳು. ಹೀರೋ ಗಾಜಿಗೆ ಹಾರಿದ ಕೂಡಲೇ ಅಲ್ಲಿಂದ ಅವಳ ದನಿ ಬರುತ್ತಿತ್ತು: “ಯಪ್ಪಾ, ಬಾಗಲಾ ತೆರದೇ ಅದಲ್ಲೋ! ಕಣ್ಣು ಕಾಣಂಗಿಲ್ಲೇನು ಅವಗ?” ಇಡೀ ಟೆಂಟು ನಗುತ್ತಿತ್ತು. “ಸುಮ್ಮಿರಬೇ ಯವ್ವಾ!” ಎಂದು ನಾನು ಈಚೆಯಿಂದ ಕೂಗಿದರೆ, “ನಾ ಯಾಕ ಸುಮ್ಮಿರಲಿ? ಒಡದ ಗಾಜು ಯಾರು ಬಳೀಬೇಕು, ಅವರಪ್ಪ ಬರತಾನೇನು?” ಎನ್ನುತ್ತಿದ್ದಳು. ಕಲೆಯ ವಿಷಯದಲ್ಲಿ ಅವಳೊಂದಿಗೆ ವಾದ ಮಾಡುವುದನ್ನು ನಾನು ಅಂದೇ ಬಿಟ್ಟೆ.

ಈ ಭಕ್ತಿ ನನ್ನ ಮದುವೆಗೇ ಅಡ್ಡ ಬಂದಿತ್ತು. ದೇವದುರ್ಗದಲ್ಲಿ ಹೆಣ್ಣು ನೋಡಲು ಹೋದಾಗ, ಹುಡುಗ ನಾಕು ಮಾತಾಡಲಿ ಎಂದರು. ನಾನು ಹಿಂದಿನ ದಿನ ನೋಡಿದ ಹೊಡೆದಾಟವನ್ನು ವರ್ಣಿಸತೊಡಗಿದೆ. ವರ್ಣನೆಗೆ ಕಾಲೂ ಸೇರಿಕೊಂಡು, ನೀರಿನ ತಂಬಿಗೆ ಹಾರಿ ಹುಡುಗಿಯ ತಂದೆಯ ಮೊಣಕಾಲಿಗೆ ಬಡಿಯಿತು. “ಹುಡುಗ ಚಲೋ ಅದಾನ್ರಿ, ದೂರದಿಂದ ನೋಡಾಕ” ಎಂದು ಅವರು ಹೇಳಿ ಕಳಿಸಿದರು. ಆಮೇಲೆ ಬಂದದ್ದು ಪೋತ್ನಾಳದ ಸಂಬಂಧ. ಅವ್ವ ಖಡಾಖಂಡಿತ ಹೇಳಿದಳು: “ಇದೂ ತಪ್ಪಿತಂದ್ರ ಆ ಟೆಂಟಿನ ಕಂಬಕ್ಕೇ ತಾಳಿ ಕಟ್ಟು, ಹೋಗಲೇ.” ಅವಳು ಹೆದರಿಸುವ ಅಗತ್ಯವೇ ಇರಲಿಲ್ಲ. ಆ ಹುಡುಗಿ ಶರಣಮ್ಮನನ್ನು ನಾನು ಅರಕೇರಾದ ಒಂದು ಮದುವೆಯಲ್ಲಿ ನೋಡಿದ್ದೆ. ಹೋಳಿಗೆ ಬಡಿಸುತ್ತ ಬಂದು “ಸಾಕೇನ್ರಿ?” ಎಂದಿದ್ದಳು. ನಾನು ಮಾತು ಮರೆತು ಅವಳ ಮುಖವನ್ನೇ ನೋಡುತ್ತಿದ್ದೆ, ಹೋಳಿಗೆ ಬೀಳುತ್ತಲೇ ಇತ್ತು. ಅವಳಲ್ಲದೆ ಬೇರೆ ಯಾರೂ ಬೇಡವೆಂದು ಎಲೆಯ ಮುಂದೆಯೇ ನಿರ್ಧರಿಸಿದ್ದೆ.

ಪೋತ್ನಾಳಕ್ಕೆ ಹೆಣ್ಣು ನೋಡಲು ಹೊರಟ ದಿನ, ರಾಯಚೂರಿನಲ್ಲಿ ಹೊಲಿಸಿದ ಹೊಸ ಬೆಲ್‌ಬಾಟಂ ತೊಟ್ಟು, ಸೋದರಮಾವನ ಜೊತೆ ಮಾನ್ವಿಯ ಬಸ್‌ಸ್ಟ್ಯಾಂಡಿಗೆ ಬಂದೆ. ರಾಯಚೂರಿನಿಂದ ಪೋತ್ನಾಳದ ಕಡೆ ಹೋಗುವ ಬಸ್ಸು ಬಂದು ನಿಂತಿತು, ಬಾಗಿಲಿಗೆ ಜನ ಮುತ್ತಿದರು. ನಮ್ಮಲ್ಲಿ ಇಂಥ ಹೊತ್ತಿಗೆ ಒಂದು ಕಾನೂನಿದೆ: ಕಿಟಕಿಯಿಂದ ಒಳಗೆ ಟವೆಲ್ ಎಸೆದರೆ ಆ ಸೀಟು ಎಸೆದವನದು. ಅಂಗಡಿಗೆ ಬೀಗ ಹಾಕುವುದನ್ನು ಮರೆತವರೂ ಈ ಕಾನೂನನ್ನು ಮರೆಯುವುದಿಲ್ಲ. ಮಾವ ತನ್ನ ಟವೆಲನ್ನು ನನ್ನ ಕೈಗಿಟ್ಟು, “ಒಗಿಯಲೇ ಅಳಿಯಾ!” ಎಂದು ಬಾಗಿಲಿನತ್ತ ಹೋದ. ನಾನು ಕಿಟಕಿ ನೋಡಿದೆ. ಹೀರೋ ಆದವನು ಟವೆಲ್ ಎಸೆಯುತ್ತಾನೆಯೇ? ತನ್ನನ್ನೇ ಎಸೆದುಕೊಳ್ಳುತ್ತಾನೆ. ಎಸೆದುಕೊಂಡೆ. ಎದೆಯವರೆಗೆ ಚೆನ್ನಾಗಿಯೇ ಹೋದೆ. ಸೊಂಟದ ಹತ್ತಿರ ಕಿಟಕಿಯ ಸರಳಿಗೂ ನನಗೂ ಭಿನ್ನಾಭಿಪ್ರಾಯ ಬಂತು. ತಲೆ ಎತ್ತಿದರೆ, ಬಾಗಿಲಿನಿಂದ ಹತ್ತಿದ ಮಾವ ಅದೇ ಸೀಟಿನಲ್ಲಿ ಆರಾಮಾಗಿ ಕೂತಿದ್ದ. “ಬಾ ಅಳಿಯಾ, ಜಾಗಾ ಭಾಳ ಅದ” ಎಂದು ನನ್ನ ಕೈ ಹಿಡಿದು ಜಗ್ಗಿದ. ಹೊರಗಿನಿಂದ ಕಂಡಕ್ಟರ್, “ಅರ್ಧಾ ಟಿಕೇಟ್ ಇಲ್ಲ ತಮ್ಮಾ, ಪೂರಾ ಒಳಗ ಹೋಗು” ಎಂದು ನೂಕಿದ. ಪರ್ರ್ ಎಂಬ ಸದ್ದಿನೊಂದಿಗೆ ಒಳಗೆ ಬಿದ್ದೆ. ಟವೆಲ್ ಕೈಜಾರಿ ಮಾನ್ವಿಯಲ್ಲೇ ಉಳಿಯಿತು. ಪ್ಯಾಂಟಿನ ಹಿಂಭಾಗ ಬೆಲ್ಟಿನಿಂದ ಕೆಳಗೆ ಎರಡು ಪಾಲಾಗಿತ್ತು.

ಪೋತ್ನಾಳದಲ್ಲಿ ಇಳಿದು, ಮಾವನನ್ನು ಬೆನ್ನಿಗೆ ಅಂಟಿಸಿಕೊಂಡೇ ಹುಡುಗಿಯ ಮನೆ ಸೇರಿದೆ; ಸೇರಿದವನು ಗೋಡೆಗೆ ಅಂಟಿಕೊಂಡೆ. ತಿನ್ನಲು ಮಂಡಾಳ ಒಗ್ಗರಣೆ, ಮಿರ್ಚಿ ಬಂತು. ಹಿಂದೆಯೇ ಶರಣಮ್ಮ ಚಹಾ ತಂದಳು. “ಇತ್ಲಾಗ ಬರ್ರಿ, ಗಾಳಿ ಅದ” ಎಂದು ಅವಳ ತಂದೆ ಕರೆದರೂ ನಾನು ಗೋಡೆ ಬಿಡಲಿಲ್ಲ. ಹೊರಡುವಾಗ ಕೈಮುಗಿದು, ಹಾಗೆಯೇ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಬಾಗಿಲಿನತ್ತ ಸರಿದೆ. ಮುಗಿಯಿತು ಕಥೆ, ಇನ್ನು ಟೆಂಟಿನ ಕಂಬವೇ ಗತಿ ಎಂದುಕೊಂಡೆ. ಅಷ್ಟರಲ್ಲಿ ಹಾಸಿಗೆಯ ಮೇಲೆ ಕೂತಿದ್ದ ಅವಳ ಅಜ್ಜ, ಮುತ್ಯಾನ ಕಣ್ಣು ತುಂಬಿ ಬಂತು.

“ನೋಡ್ರಲೇ, ಹಿರೇರಿಗೆ ಬೆನ್ನು ತೋರಸವಲ್ಲ! ನಿಜಾಮರ ಕಾಲದಾಗ ದೊಡ್ಡವರ ಮುಂದಿಂದ ಹಿಂಗ ಹೋಗತಿದ್ರು. ಈಗಿನ ಹುಡುಗ್ರಾಗ ಈ ಅದಬು ಎಲ್ಲ್ಯದ? ಹೆಣ್ಣು ಕೊಟ್ಟಂಗ ಅಂತ ತಿಳಕೊಳ್ರಿ!”

ಹಿರಿಯರಿಗೆ ಇನ್ನಷ್ಟು ಮರ್ಯಾದೆ ಕೊಡುತ್ತ ಹೊಸ್ತಿಲು ದಾಟಿದೆ. ಹಿಂದೆ ಕಿಸಕ್ಕೆಂದ ಸದ್ದು. ಹಿತ್ತಲಿನಿಂದ ಸುತ್ತಿ ಬಂದಿದ್ದ ಶರಣಮ್ಮ ಅಂಗಳದಲ್ಲಿ ನಿಂತಿದ್ದಳು. ನನ್ನ ಸಮಸ್ತ ಅದಬೂ ಅವಳ ಕಣ್ಣ ಮುಂದೆ ತೆರೆದುಕೊಂಡಿತ್ತು. ಅವಳು ಒಣಹಾಕಿದ್ದ ಟವೆಲೊಂದನ್ನು ಹಗ್ಗದಿಂದ ಎಳೆದು ನನ್ನ ಹೆಗಲಿಗೆ ಎಸೆದಳು. “ಸೊಂಟಕ್ಕ ಸುತ್ತಿಕೊಳ್ರಿ. ಮುತ್ಯಾಗ ಹೇಳಂಗಿಲ್ಲ ನಾ.”

ತಿರುಗಿ ಬರುವ ಬಸ್ಸಿನಲ್ಲಿ ಮಾವ ಆ ಟವೆಲಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದ. “ಲೇ ಅಳಿಯಾ, ಟವೆಲ್ ಬಿತ್ತಂದ್ರ ಸೀಟು ಹಿಡದಂಗ” ಎಂದ.

ಈಗ ತಡಿಕೆಯ ಆಚೆ ಅವ್ವನ ಪಕ್ಕದಲ್ಲಿ ಶರಣಮ್ಮನೂ ಕೂರುತ್ತಾಳೆ. ಹೀರೋ ಗಾಜಿಗೆ ಹಾರಿದರೆ “ಬಾಗಲಾ ತೆರದೇ ಅದಲ್ಲೋ!” ಎಂದು ಎರಡು ದನಿ ಕೇಳುತ್ತವೆ, ಎರಡನೆಯದು ನನ್ನ ಬಸ್ಸಿನ ಕಿಟಕಿಗೂ ಸೇರಿಸಿ ಹೇಳಿದ್ದು. ನಾನು ಗಾಜನ್ನು ನೋಡುವುದಿಲ್ಲ. ಹಾರಿ, ಉರುಳಿ, ಬೆಂಕಿ ದಾಟಿ ಎದ್ದು ನಿಂತವನ ಪ್ಯಾಂಟನ್ನೇ ನೋಡುತ್ತೇನೆ. ಒಂದು ಎಳೆ ಕೂಡ ಬಿಟ್ಟಿರುವುದಿಲ್ಲ. ಕತ್ತಲಲ್ಲಿ ನನಗರಿವಿಲ್ಲದೆಯೇ ಕೈ ಮುಗಿಯುತ್ತೇನೆ, ಅವನಿಗಲ್ಲ, ಅವನ ಟೇಲರಿಗೆ.