ಗೋಡೆ ಹಾರಿದ ಸೋರೆಬಳ್ಳಿಯವರ ಸನ್ನಿಧಾನಕ್ಕೆ

ಅಜ್ಜಂಪುರ,
ಚೈತ್ರದ ಮಟಮಟ ಬಿಸಿಲು, ೧೯೫೮

ಮಾನ್ಯ ಸೋರೆಬಳ್ಳಿಯವರೇ,

ತಮ್ಮ ಎಲೆ, ಹೂವು, ಮಿಡಿಗಳೆಲ್ಲ ಕ್ಷೇಮವಾಗಿರುವುದನ್ನು ಗೋಡೆಯ ಈಚೆಯಿಂದಲೇ ಕಣ್ಣಾರೆ ಕಂಡು ಧನ್ಯನಾಗಿದ್ದೇನೆ. ಇಲ್ಲಿ ತಮ್ಮ ಬುಡ ಕ್ಷೇಮ. ನಾನು ಬೇಯುತ್ತಿದ್ದೇನೆ.

ನನ್ನ ಹೆಂಡತಿ ಮಲ್ಲಿಕಾಂಬ ಅಂಗಳದಲ್ಲಿ ಹೊಲಿಗೆ ಮಿಷನ್ ತುಳಿದು ಸಂಸಾರ ನಡೆಸುವವಳು. ನಾನು ಭಾಷಣ ಮಾಡಿ ದೇಶ ನಡೆಸುವವನು. ಇಳಿಹೊತ್ತಿನ ಬಿಸಿಲಿಗೆ ಅವಳ ತಲೆ ಸಿಡಿಯುತ್ತಿದ್ದುದನ್ನು ನೋಡಲಾರದೆ, ಬಿದಿರಿನ ಹಂದರ ಹಾಕಿ, ತಮ್ಮ ಬೀಜ ಊರಿ, ಯುಗಾದಿಯೊಳಗೆ ನೆರಳು ಕೊಡಿಸುತ್ತೇನೆಂದು ಮಾತು ಕೊಟ್ಟೆ.

"ಕುಡಿ ಬಂದೈತೆ, ದಾರ ಕಟ್ಟಿ ಹಂದ್ರಕ್ಕೆ ಹತ್ತಿಸ್ರೀ" ಎಂದಳು. ಚಳವಳಿಯಲ್ಲಿ ಜೈಲು ಕಂಡು ಬಂದ ನಾನು ಒಂದು ಜೀವವನ್ನು ದಾರದಿಂದ ಬಿಗಿಯುವುದೇ? ಅದರಿಷ್ಟದಂತೆ ಅದು ಬೆಳೆಯಲಿ ಎಂದು ಸ್ವಾತಂತ್ರ್ಯದ ಬಗ್ಗೆ ಗುಡುಗಿದೆ. ತರೀಕೆರೆಯ ಸಭೆಗಳಲ್ಲಿ ಒಬ್ಬನೂ ಕೇಳದಷ್ಟು ಶ್ರದ್ಧೆಯಿಂದ ತಾವು ಆ ಭಾಷಣವನ್ನು ಕೇಳಿದಿರಿ. ಕೇಳಿ, ಹಂದರಕ್ಕೆ ಬೆನ್ನು ತಿರುಗಿಸಿ, ನೆರೆಮನೆಯ ಶರೀಫುನ್ನೀಸಾ ಒಡ್ಡಿದ ಒಣಕೊಂಬೆ ಹಿಡಿದು ಗೋಡೆ ಹಾರಿ, ಅವರ ಅಂಗಳಕ್ಕೆಲ್ಲ ಚಾವಣಿಯಾದಿರಿ.

ಗೋಡೆಯ ಬಳಿ ನಿಂತು ಪ್ರತಿಭಟಿಸಿದೆ. ಬೇರು ನನ್ನ ನೆಲದಲ್ಲಿದೆ, ಆದ್ದರಿಂದ ನೆರಳೂ ನನ್ನದೇ ಎಂದೆ. ಅಂದ ಮೇಲೆ ಹೊಳೆಯಿತು: ಗೇಣಿದಾರರ ಫಸಲಿಗೆ ಕೈಹಾಕುವ ಜಮೀನುದಾರರ ಮಾತಿದು, ಇದಕ್ಕೇ ಧಿಕ್ಕಾರ ಕೂಗಿ ನಾನು ಗಂಟಲು ಕಳೆದುಕೊಂಡದ್ದು. ಆದರೂ ಬಿಡದೆ ತಮ್ಮ ಮಿಡಿಯತ್ತ ಬೆರಳು ಚಾಚಿದೆ. ಶರೀಫಮ್ಮ ಹೌಹಾರಿದರು: "ಅಯ್ಯಯ್ಯೋ, ಮಿಡೀಗೆ ಬೆರಳು ತೋರಿಸ್ಬ್ಯಾಡಿ ಈರಭದ್ರಪ್ಪಾರೇ, ಕೊಳ್ತೋಗ್ತದೆ! ಮಡಿಸ್ಕೊಂಡು ತೋರ್ಸಿ."

ಅಮಲ್ದಾರರ ಮೂಗಿನ ಮುಂದೆ ನಿಗುರಿ ನಿಂತಿದ್ದ ಬೆರಳು ಸ್ವಾಮಿ ಅದು! ಮೂಢನಂಬಿಕೆಯ ವಿರುದ್ಧ ಊರೂರಿಗೆ ಹೋಗಿ ಉಪನ್ಯಾಸ ಕೊಡುವ ನಾನು, ಕಾಯಿ ಕೊಳೆತರೆ ಹೆಂಡತಿ ಯಾರ ಕೊರಳು ಹಿಡಿಯುತ್ತಾಳೆಂದು ಯೋಚಿಸಿ, ಬೆರಳನ್ನು ಕೊಕ್ಕೆಯಂತೆ ಮಡಿಸಿಯೇ ಉಳಿದ ಪ್ರತಿಭಟನೆಯನ್ನು ಮುಗಿಸಿದೆ. ಇಂಥ ಕ್ರಾಂತಿಯನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ?

ಯುಗಾದಿ ಬಂತು. "ಬಳ್ಳಿ ಅಲ್ಲೈತೆ, ನೆಳ್ಳೂ ಅಲ್ಲೈತೆ. ನಿಮ್ ಭಾಷಣದ ಕೆಳಗೆ ಕೂತ್ಕಂಡು ಹೊಲಿಯಕ್ಕಾಯ್ತದೇನ್ರೀ?" ಎಂದವಳೇ ಮಲ್ಲಿಕಾಂಬ ಮಿಷನ್ನಿನ ಒಂದು ತುದಿಯನ್ನು ನನ್ನ ಕೈಗೇ ಹಿಡಿಸಿ ಶರೀಫಮ್ಮನ ಅಂಗಳಕ್ಕೆ ಸಾಗಿಸಿಬಿಟ್ಟಳು.

ಆದಕಾರಣ ತಾವು ದಯಮಾಡಿ ಹೋದ ದಾರಿಯಲ್ಲೇ ಹಿಂತಿರುಗಿ, ಮಿಷನ್ನನ್ನೂ ಮಲ್ಲಿಕಾಂಬಳನ್ನೂ ಕುಡಿಗಳಲ್ಲಿ ಸುತ್ತಿಕೊಂಡು ತರತಕ್ಕದ್ದು. ಅದಾಗದಿದ್ದರೆ ಎರಡೂ ಅಂಗಳ ಒಂದಾಗುವಂತೆ ಗೋಡೆಯನ್ನಾದರೂ ಎತ್ತಿ ನನ್ನ ಮನೆಯ ಈ ಮಗ್ಗುಲಿಗೆ ಇಟ್ಟುಕೊಡತಕ್ಕದ್ದು. ಎರಡೂ ಆಗದೆಂದರೆ, ನಿಜ ಹೇಳಿಬಿಡುತ್ತೇನೆ: ಅವಳ ತಲೆನೋವು ನಿಂತಿದೆ. ಅದೊಂದಕ್ಕೆ ನನ್ನ ಧಿಕ್ಕಾರವಿಲ್ಲ.

ತಮ್ಮ ಬುಡಕ್ಕೆ ಈಗಲೂ ನೀರು ಹೊರುತ್ತಿರುವ ವಿಶ್ವಾಸಿ,
ಈರಭದ್ರಪ್ಪ

ತಾ.ಕ.: ನಿನ್ನೆಯಿಂದ ಆ ಅಂಗಳದಲ್ಲಿ ನನಗೂ ಅಂಗಿಗಳಿಗೆ ಗುಂಡಿ ಹೊಲಿಯುವ ಕೆಲಸ ಸಿಕ್ಕಿದೆ. ನನ್ನನ್ನು ಕೂರಿಸಿರುವ ಮೂಲೆಯಲ್ಲಿ ತಮ್ಮ ನೆರಳು ಮೊಣಕಾಲಿನ ತನಕ ಮಾತ್ರ ಬರುತ್ತದೆ. ತಲೆಗೆ ಪೂರಾ ಬಿಸಿಲು. ತಲೆ ಕಾದರೆ ನನಗೆ ಮಾತು ಬರುತ್ತದೆ, ಬಂದರೆ ಸಂಜೆಯ ತನಕ ನಿಲ್ಲುವುದಿಲ್ಲ. ಆ ಇಬ್ಬರು ಹೆಂಗಸರ ಹಿತಕ್ಕಾಗಿಯಾದರೂ ಇನ್ನು ನಾಲ್ಕು ಎಲೆಗಳನ್ನು ಕೂಡಲೇ ಮಂಜೂರು ಮಾಡಿ.