ಆತುರಪ್ಪನ ಚರ್ಮದ ಕೂಸು

ಈಗಿನ ಹೆರಿಗೆ ವಿಭಾಗಗಳಲ್ಲಿ ಗುಂಡಿ ಒತ್ತಿದರೆ ಅಳುವ, ಉಸಿರಾಡುವ ಗೊಂಬೆಗಳಿವೆಯಂತೆ. ನಮ್ಮ ಕಾಲದಲ್ಲಿ ಇದ್ದದ್ದು ಒಂದೇ ಒಂದು ಹಳೇ ಚರ್ಮದ ಕೂಸು. ವರ್ಷವರ್ಷವೂ ವಿದ್ಯಾರ್ಥಿಗಳು ಅದನ್ನು ಸೊಂಟದ ಮೂಳೆಗೂಡಿನೊಳಗಿಂದ ಹೊರಗೆಳೆದು ಹೆರಿಗೆ ಮಾಡಿಸುವುದನ್ನು ಕಲಿತಿದ್ದರು. ಪಾಪ, ಅದರ ಮೂಗೇ ಸವೆದುಹೋಗಿತ್ತು. ನೆನೆದರೆ ನನಗೆ ಈಗಲೂ ಅದರ ಮೇಲೆ ಅಕ್ಕರೆ.

ನಮ್ಮ ತರಗತಿಯ ಆತುರಪ್ಪನಿಗೆ ಮಾತ್ರ ಅದನ್ನು ಕಂಡರೆ ಎಲ್ಲಿಲ್ಲದ ಅವಸರ. ತಲೆ ಕಂಡದ್ದೇ ತಡ, ಜಗ್ಗಿಬಿಡುತ್ತಿದ್ದ. ಅದಕ್ಕೇ ಗೆಳೆಯರೆಲ್ಲ ಇಟ್ಟ ಹೆಸರು ಅದು. ನಾಳೆ ಪರೀಕ್ಷೆ ಎನ್ನುವಾಗ ವಿಭಾಗದ ಅಟೆಂಡರನಿಗೆ ದಮ್ಮಯ್ಯಗುಡ್ಡೆ ಹಾಕಿ, ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲವೆಂದು ಆಣೆಯಿಟ್ಟು, ಭಾನುವಾರ ಬೆಳಿಗ್ಗೆ ಕೂಸನ್ನು ಟವೆಲಿನಲ್ಲಿ ಸುತ್ತಿ, ಮೂಳೆಗೂಡನ್ನು ಚೀಲಕ್ಕೆ ತುರುಕಿ ತನ್ನ ಕೋಣೆಗೆ ಹೊತ್ತು ತಂದ.

ಆ ಕೋಣೆಯೆಂದರೆ ಅವನಿಗೆ ಪ್ರಾಣ. ಆಸ್ಪತ್ರೆಯ ಕಾಂಪೌಂಡಿಗೇ ಅಂಟಿಕೊಂಡಿತ್ತು. ಗೋಡೆಯಾಚೆಯಿಂದ ಆಯಾ ಹೆರಿಗೆಯೆಂದು ಕೂಗಿದರೆ ಸಾಕು, ಚಪ್ಪಲಿ ಮೆಟ್ಟಿ ಓಡಬಹುದು. ಆ ಕೂಗು, ಆ ಫಿನಾಯಿಲ್ ವಾಸನೆ ನೆನಪಾದರೆ ನನಗೂ ಎದ್ದು ಓಡೋಣ ಎನಿಸುತ್ತದೆ. ಮದುವೆಯಾಗದ ಹುಡುಗನಿಗೆ ಬೇರೆ ಯಾರೂ ಕೋಣೆ ಕೊಟ್ಟಿರಲಿಲ್ಲ. ಮಕ್ಕಳಿಲ್ಲದ ಒಬ್ಬ ವಿಧವೆ, ಆ ಮನೆಯ ಒಡತಿ, ಒಂದು ಷರತ್ತಿನ ಮೇಲೆ ಕೊಟ್ಟಿದ್ದರು: ಒಂಟಿಯಾಗಿ ಬಂದವನು ಒಂಟಿಯಾಗಿಯೇ ಇರಬೇಕು.

ಅವನು ಗೇಟು ದಾಟುವಾಗ ಪಕ್ಕದ ಮನೆಯ ಟೈಲರ್ ಹೆಂಡತಿ ನೋಡಿದಳು. ಟವೆಲಿನಿಂದ ಒಂದು ಪುಟ್ಟ ಪಾದ ಇಣುಕುತ್ತಿತ್ತು. ಅದನ್ನು ಗಡಬಡಿಸಿ ಒಳಗೆ ತಳ್ಳಿ ಆತುರಪ್ಪ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಅವನ ದನಿ ಕೇಳಿಸಿತು. “ತಡ್ಕೊಳ್ಳಮ್ಮ, ಇನ್ನೇನ್ ಆಯ್ತು. ಉಸಿರು ಬಿಡು. ಹಾಂ, ಬಂತು ಬಂತು.”

ಟೈಲರ್ ಹೆಂಡತಿಗೆ ಅಷ್ಟು ಸಾಕಾಯಿತು. ಡಾಕ್ಟರು ಗುಟ್ಟಾಗಿ ಮದುವೆಯಾಗಿದ್ದಾರೆ ಎಂದು ಒಬ್ಬರು, ಆಸ್ಪತ್ರೆಯಲ್ಲಿ ಯಾರೋ ಬಿಟ್ಟುಹೋದ ಮಗು ಎಂದು ಇನ್ನೊಬ್ಬರು, ಬೀದಿಯೆಲ್ಲ ಅದೇ ಮಾತು. ಒಡತಿ ಬಂದು ಬಾಗಿಲು ತಟ್ಟಿದರು. ಆತುರಪ್ಪ ಮೂಳೆಗೂಡನ್ನು ಮಂಚದಡಿ ಒದ್ದು, ಕೂಸನ್ನು ಮುಖಮುಚ್ಚಿ ಎದೆಗವಚಿಕೊಂಡು ಬಾಗಿಲು ತೆಗೆದ. ಕೋಣೆ ಕೈಬಿಟ್ಟಿತೆಂದೇ ಅಂದುಕೊಂಡ. ನಿಜ ಹೇಳೋಣವೆಂದರೆ ಅಟೆಂಡರನಿಗಿಟ್ಟ ಆಣೆ ಅಡ್ಡ ಬಂತು.

“ಇದಕ್ಕೆ ತಾಯಿ ಇಲ್ವಾ?” ಎಂದರು ಒಡತಿ ಮೆಲ್ಲಗೆ.

“ಇಲ್ಲಮ್ಮ,” ಎಂದ. ಸುಳ್ಳಂತೂ ಅಲ್ಲ.

ಒಡತಿಯ ಕಣ್ಣು ತುಂಬಿತು. “ಇರ್ಲಿ ಬಿಡಪ್ಪ. ನಾನಿದೀನಲ್ಲ.”

ಅಲ್ಲಿಂದ ಅವನಿಗೆ ಪುರುಸೊತ್ತೇ ಇಲ್ಲ. ಅಟ್ಟದಿಂದ ತೊಟ್ಟಿಲು ಇಳಿಯಿತು. ಟೈಲರ್ ಪುಟ್ಟ ಅಂಗಿ ಹೊಲಿದುಕೊಟ್ಟ. ಹಾಲು ಬಂತು, ಜೋಗುಳ ಹಾಡುವವರು ಬಂದರು, ಬುದ್ಧಿ ಹೇಳುವವರಂತೂ ಸಾಲುಗಟ್ಟಿ ಬಂದರು. ಸೋಂಕು ತಗಲುತ್ತದೆ, ಮುಟ್ಟಬೇಡಿ ಎನ್ನುತ್ತ ಆತುರಪ್ಪ ತಾನೇ ಅಂಗಿ ತೊಡಿಸಿ, ಕೋಳಿ ಮೊಟ್ಟೆ ಕಾಯುವಂತೆ ಗಂಟು ಕಾದು ಕೂತ. ಮತ್ತೊಂದು ಸಲ ಅಭ್ಯಾಸ ಮಾಡಲಾಗಲಿಲ್ಲ.

ಸಂಜೆಯಾದರೂ ಮಗು ಅಳಲಿಲ್ಲ, ಹಾಲು ಕುಡಿಯಲಿಲ್ಲ. ಗಾಬರಿಗೊಂಡ ಒಡತಿ ತಾವೇ ಹೋಗಿ ಬೀದಿ ಕೊನೆಯಲ್ಲಿದ್ದ ದೊಡ್ಡ ಮೇಡಂ ಅವರನ್ನು ಕರೆತಂದರು. ಹೆರಿಗೆ ವಿಭಾಗದ ಮುಖ್ಯಸ್ಥೆ ಅವರೇ, ನಾಳೆಯ ಪರೀಕ್ಷಕಿಯೂ ಅವರೇ. ಮೇಡಂ ಟವೆಲು ಬಿಚ್ಚಿದರು. ಮೂಗಿಲ್ಲದ ತಮ್ಮ ಹಳೇ ಕೂಸು ಹೊಸ ಅಂಗಿ ತೊಟ್ಟು ಮಲಗಿತ್ತು.

ಮೇಡಂ ಕನ್ನಡಕದ ಮೇಲಿಂದ ಆತುರಪ್ಪನನ್ನು ನೋಡಿದರು. “ಮೂಳೆ ಎಲ್ಲಿ? ತಗೊಂಡ್ ಬಾ. ಇಲ್ಲೇ ಮಾಡಿ ತೋರ್ಸು.”

ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದಾಗ, ದಿನವಿಡೀ ಕೂಸನ್ನು ಕಾದು ಕೂತಿದ್ದ ಅವನ ಕೈ, ಎಂದೂ ಇಲ್ಲದೆ, ಅವಸರಪಡಲಿಲ್ಲ. ತಲೆ ಬಂತು, ಕಾದ. ಭುಜ ಬಂತು, ಕಾದ. ಕೂಸು ಹೂವಿನಂತೆ ಅಂಗೈಗೆ ಇಳಿಯಿತು. ನಾಳೆಯೂ ಹೀಗೇ ಮಾಡಿದರೆ ಸಾಕು ಎಂದು ಮೇಡಂ ನಕ್ಕು, ಕೂಸನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು. ಕೊಟ್ಟವರಾರೆಂದು ಕೇಳಲೂ ಇಲ್ಲ.

ಆತುರಪ್ಪನಿಗೆ ಹೋದ ಜೀವ ಬಂದಂತಾಯಿತು. ಮಗುವೇ ಇಲ್ಲವೆಂದ ಮೇಲೆ ಕೋಣೆಗೂ ಕುತ್ತಿಲ್ಲ.

“ನೋಡಿದ್ರಲ್ಲಮ್ಮ, ನಾನು ಒಂಟೀನೇ,” ಎಂದ ಉಬ್ಬಿಹೋಗಿ.

ಒಡತಿ ಖಾಲಿ ತೊಟ್ಟಿಲಿನ ಬಟ್ಟೆ ಮಡಚುತ್ತಿದ್ದರು. ಅವರಿಗೆ ನಿಜವಾಗಿಯೂ ದುಃಖವಾಗಿತ್ತು. ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

“ಪರೀಕ್ಷೆ ಮುಗಿಸ್ಕೊಂಡು ಕೋಣೆ ಖಾಲಿ ಮಾಡಪ್ಪ,” ಎಂದರು. “ಇನ್ಮೇಲೆ ಮಗು ಇರೋರಿಗೇ ಕೊಡೋದು ಅಂತ ಮನಸ್ಸು ಮಾಡಿದೀನಿ.”