ನೂರ ಐವತ್ತೆಂಟು ಡಿಗ್ರಿ ಕೊಬ್ಬರಿ

ಬಿಳಿಕಲ್ಕೊಪ್ಪಲಿನ ತೆಂಗು ಬೆಳೆಗಾರರ ಸಂಘಕ್ಕೆ ಗೇಮಿಂಗ್ ಕಂಪ್ಯೂಟರ್ ಮಂಜೂರಾಗಿದ್ದು ಪೂರ್ತಿ ನಿಯಮದ ಪ್ರಕಾರವೇ. ಸಂಘ ಕೇಳಿದ್ದು ತೂಕದ ಯಂತ್ರ. ಆದರೆ ಆ ವರ್ಷ ತೂಕದ ಯಂತ್ರ ಕೊಡುವ ಯೋಜನೆ ಯಾವ ಇಲಾಖೆಯಲ್ಲೂ ಇರಲಿಲ್ಲ. ಗ್ರಾಮೀಣ ಯುವಜನರಿಂದ ಕಂಪ್ಯೂಟರ್ ಆಟ ಆಡಿಸುವ ಯೋಜನೆ ಇತ್ತು. ಕೇಳಿದ್ದು ಸಿಗದಿದ್ದಾಗ ಇದ್ದದ್ದನ್ನಾದರೂ ತೆಗೆದುಕೊಳ್ಳದೆ ಬರಿಗೈಲಿ ವಾಪಸಾಗುವುದು ಸರ್ಕಾರಕ್ಕೆ ಮಾಡುವ ಅವಮಾನವೆಂದು ಭಾವಿಸಿ, ಅಧ್ಯಕ್ಷರಾದ ಇಂದುಧರ ಅವರು ಸಹಿ ಹಾಕಿ, ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು ಕರೆತಂದರು.

ಯೋಜನೆಗೊಂದು ಷರತ್ತಿತ್ತು. ಸಂಘದವರು ಯಾರಾದರೂ ಆ ಯಂತ್ರದಲ್ಲಿ ಆಡಲೇಬೇಕು, ಜಿಲ್ಲಾ ಮಟ್ಟದ ಕಾರ್ ರೇಸ್ ಆಟದಲ್ಲಿ ಭಾಗವಹಿಸಲೇಬೇಕು. ನಿರ್ದೇಶಕರಿಗೆಲ್ಲ ಅರವತ್ತು ದಾಟಿತ್ತು; ಅವರ ಪೈಕಿ ಕಾರು ಓಡಿಸಲು ಬರುತ್ತಿದ್ದವರು ಇಬ್ಬರು, ಅದೂ ನಿಜವಾದ ಕಾರು. ಆದ್ದರಿಂದ ಗುಮಾಸ್ತೆ ಉಷಾರಾಣಿಯನ್ನು ‘ಪ್ರಭಾರ ಆಟಗಾರ್ತಿ’ ಎಂದು ನೇಮಿಸಲಾಯಿತು.

ಪ್ರಭಾರಕ್ಕೆಂದು ಕೂತವಳಿಗೆ ಆಟದ ಹುಚ್ಚು ಹಿಡಿಯಿತು ನೋಡಿ. ಹಳೇಬೀಡಿನವರನ್ನು ಸೋಲಿಸಿದಳು, ಬೇಲೂರಿನವರನ್ನು ಸೋಲಿಸಿದಳು, ಫೈನಲ್‌ಗೆ ಬಂದುಬಿಟ್ಟಳು. ಎದುರಾಳಿ ಬಿಕ್ಕೋಡಿನ ಉದಯಕುಮಾರ್. ಆಯಾ ಊರಿನವರು ತಮ್ಮ ತಮ್ಮ ಯಂತ್ರದಲ್ಲೇ ಕೂತು ಆಡಬೇಕಾದ ಪಂದ್ಯ. ಉಷಾರಾಣಿ ಶಾಲೆಯ ಓಟದಲ್ಲಿ ಎರಡನೆಯವಳು, ಬ್ಯಾಂಕ್ ಪರೀಕ್ಷೆಯ ಕಾಯ್ದಿರಿಸಿದವರ ಪಟ್ಟಿಯಲ್ಲಿ ಎರಡನೆಯವಳು, ಹೆಣ್ಣು ನೋಡಲು ಬಂದವರು ಕೂಡ ಪಕ್ಕದಲ್ಲಿ ಕಾಫಿ ಹಿಡಿದು ನಿಂತಿದ್ದ ಚಿಕ್ಕಪ್ಪನ ಮಗಳನ್ನು ಒಪ್ಪಿಕೊಂಡು ಹೋಗಿದ್ದರು. ಜನ್ಮದಲ್ಲಿ ಒಂದೇ ಒಂದು ಸಲ ಯಾವುದರಲ್ಲಾದರೂ ಸರಿ, ಮೊದಲು ಬರಬೇಕು ಅನ್ನುವುದೊಂದೇ ಅವಳ ಆಸೆ.

ಅಡ್ಡ ಬಂದದ್ದು ಶಾಖ. ಆಟ ಜೋರಾದಂತೆ ಯಂತ್ರದ ಒಳಗಿನ ಚಿಪ್ಪು, ಅಂದರೆ ಅದರ ಮಿದುಳಿನಂಥ ಪುಟ್ಟ ಬಿಲ್ಲೆ, ಕಾಯುತ್ತದೆ. ಎಷ್ಟು ಕಾದಿದೆ ಎಂದು ಪರದೆಯ ಮೂಲೆಯಲ್ಲೊಂದು ಅಂಕಿ ತೋರಿಸುತ್ತದೆ. ಎಪ್ಪತ್ತಿದ್ದರೆ ಕಾರು ಎಣ್ಣೆ ಹಚ್ಚಿದ ಹಾಗೆ ಓಡುತ್ತದೆ, ತೊಂಬತ್ತು ದಾಟಿದರೆ ಮುಗ್ಗರಿಸುತ್ತದೆ, ನೂರು ಮುಟ್ಟಿದರೆ ಯಂತ್ರ ತನ್ನಷ್ಟಕ್ಕೆ ತಾನೇ ಆರಿಹೋಗುತ್ತದೆ. ಅದಕ್ಕೇ ಉಷಾರಾಣಿ ಕಿಟಕಿ ತೆರೆದಿಟ್ಟು, ಫ್ಯಾನುಗಳ ಧೂಳನ್ನು ಬ್ರಷ್ಷಿನಿಂದ ಗುಡಿಸಿ, ಯಂತ್ರವನ್ನು ಹಸುಗೂಸಿನ ಹಾಗೆ ನೋಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಸೋನೆ ಹಿಡಿಯಿತು. ವಾರಗಟ್ಟಲೆ ಬಿಸಿಲಿಲ್ಲ. ಅಟ್ಟದಿಂದ ಇಳಿಸಿ, ಸುಲಿದು, ಕರಟ ಒಡೆದಿಟ್ಟ ಉಂಡೆ ಕೊಬ್ಬರಿಯೆಲ್ಲ ತೇವ ಕುಡಿಯಿತು. ಸದಸ್ಯ ರಾಮಣ್ಣ ಸಂಘಕ್ಕೆ ಬಂದವನು ಒದ್ದೆ ಟವೆಲನ್ನು ಯಂತ್ರದ ಹಿಂದೆ ಹರವಿ, ಲೋಕದ ಮಾತೆಲ್ಲ ಆಡಿ, ಎದ್ದು ನೋಡಿದರೆ ಟವೆಲು ಗರಿಗರಿ.

“ಅಧ್ಯಕ್ಷರೇ, ಬನ್ನಿ ಇಲ್ಲಿ! ಇದ್ರ ಬೆನ್ನಿಂದ ಬಿಸಿಗಾಳಿ ಬತ್ತೈತೆ!” ಎಂದು ಕೂಗಿದ.

ಇಂದುಧರ ಅವರು ಅಂಗೈ ಒಡ್ಡಿ ನೋಡಿದರು. ಅವರ ಮುಖ ಅರಳಿತು. ಮರುದಿನವೇ ತುರ್ತು ಸಭೆ ಸೇರಿ ಈ ಕೆಳಕಂಡಂತೆ ಠರಾವಾಯಿತು:

‘ಸಂಘದ ಆವರಣದಲ್ಲಿ ಉತ್ಪತ್ತಿಯಾಗುವ ಯಾವುದೇ ಶಾಖವು ಸಂಘದ ಸ್ವತ್ತಾಗಿರುತ್ತದೆ. ಸದರಿ ಶಾಖವನ್ನು ಊದುವುದು, ಬೀಸುವುದು, ಆರಿಸುವುದು ಅಥವಾ ಕಿಟಕಿ ತೆರೆದು ಸದಸ್ಯರಲ್ಲದವರ ಕಡೆಗೆ ಬಿಡುವುದು ದುರುಪಯೋಗವೆಂದು ಪರಿಗಣಿಸಲಾಗುವುದು.’

ಸಂಜೆಯೊಳಗೆ ಕಿಟಕಿಗೆ ಮೊಳೆ ಬಿತ್ತು. ಯಂತ್ರದ ಸುತ್ತ ಕೊಬ್ಬರಿ ಮೂಟೆಗಳು ಬಂದು ಕೂತವು. ಬಿಸಿಗಾಳಿಗೆ ಮೂಗು ಕೊಟ್ಟು ನಿಂತ ಮೊದಲ ಸಾಲಿನ ಮೂಟೆಗಳೆಲ್ಲ ಅಧ್ಯಕ್ಷರವು; ಇದು ಕಾಕತಾಳೀಯ ಎಂದು ಠರಾವಿನಲ್ಲೇ ಬರೆಯಲಾಗಿತ್ತು. ಉಷಾರಾಣಿಯ ತಾಯಿ ಮಹದೇವಮ್ಮನ ಎರಡು ಮೂಟೆಗೆ ಬಾಗಿಲ ಸಂದಿಯಲ್ಲಿ ಜಾಗ ಸಿಕ್ಕಿತು. ಶಾಖ ಉಸ್ತುವಾರಿ ಸಮಿತಿ ಎಂಬುದೊಂದು ಹುಟ್ಟಿ, ನಿವೃತ್ತ ಮೇಷ್ಟ್ರು ನಟರಾಜ್ ಅದರ ಸಂಚಾಲಕರಾದರು. ಅವರು ಕುರ್ಚಿ ಹಾಕಿಕೊಂಡು ಪರದೆಯ ಮೂಲೆಯ ಅಂಕಿಯನ್ನು ಹಾಜರಿ ಕೂಗಿದ ಹಾಗೆ ಕೂಗುತ್ತಿದ್ದರು. ಅಂಕಿ ತೊಂಬತ್ತಕ್ಕಿಂತ ಕೆಳಗಿಳಿದರೆ, “ಉಷಾ, ಜೋರಾಗಿ ಓಡಿಸಮ್ಮಾ, ರಾಮಣ್ಣನ ಕೊಬ್ಬರಿ ಇನ್ನೂ ಹಸಿ!” ಎನ್ನುತ್ತಿದ್ದರು.

ಕೊಬ್ಬರಿಯ ನಾರು, ಜುಂಗು ಎಲ್ಲ ಫ್ಯಾನಿಗೆ ಸುತ್ತಿಕೊಂಡವು. ಕಾರು ಪ್ರತಿ ತಿರುವಿನಲ್ಲೂ ಮುಗ್ಗರಿಸತೊಡಗಿತು. ಉಷಾರಾಣಿ ಬ್ರಷ್ಷು ಹಿಡಿದದ್ದೇ ತಡ, ‘ಸಂಘದ ಶಾಖವನ್ನು ಗುಡಿಸಿ ಹಾಕಿದ ಬಗ್ಗೆ’ ಕಾರಣ ಕೇಳಿ ನೋಟಿಸು ಬಂತು. ಅಲ್ಲ, ಗುಡಿಸಿದ್ದು ಕಸ ಕಣ್ರೀ! ಆದರೆ ಯಾರಿಗೆ ಹೇಳುವುದು?

ಕೊನೆಗೆ ಅವಳೇ ಬಾಣಾವರದಿಂದ ರಿಪೇರಿಯ ಧರ್ಮೇಶನನ್ನು ಕರೆಸಿದಳು. ಅವನು ಪಕ್ಕದ ತಗಡು ಬಿಚ್ಚಿ, ಟಾರ್ಚು ಬಿಟ್ಟು ನೋಡಿ, ತುಟಿ ಕಚ್ಚಿದ.

“ಸಾರ್, ಚಿಪ್ಪಿನ ಮೇಲೆ ಹಚ್ಚಿರೋ ಪೇಸ್ಟ್ ಪೂರ್ತಿ ಒಣಗೋಗಿದೆ.”

ಇಂದುಧರ ಅವರಿಗೆ ಸಂತೋಷವಾಯಿತು. “ಒಣಗಿದ್ರೆ ಒಳ್ಳೇದೇ ಅಲ್ವೇನ್ರೀ? ನಮ್ಮ ಸಂಘ ಇರೋದೇ ಒಣಗಿಸೋಕೆ.”

“ಹಂಗಲ್ಲ ಸಾರ್. ಅದು ಒಣಗಿದ್ರೆ ಬಿಸಿ ಒಳಗೇ ನಿಲ್ಲುತ್ತೆ. ಒಳಗೆ ತಣ್ಣಗಿದ್ರೇನೇ ಹೊರಗೆ ಬಿಸಿಗಾಳಿ ಸರಿಯಾಗಿ ಬರೋದು. ಮೂಟೆ ತೆಗೀರಿ, ಫ್ಯಾನು ಕ್ಲೀನ್ ಮಾಡ್ಸಿ.”

“ನೀವು ಸದಸ್ಯರೇನ್ರೀ?” ಎಂದು ನಟರಾಜ್ ಮೇಷ್ಟ್ರು ಕೇಳಿದರು.

“ಅಲ್ಲ ಸಾರ್.”

“ಮತ್ತೆ?” ಎಂದರು ಮೇಷ್ಟ್ರು. ಅಲ್ಲಿಗೆ ಆ ವಾದ ಬಿದ್ದುಹೋಯಿತು. ಧರ್ಮೇಶ ತಗಡು ಮುಚ್ಚಿ, ಬಾಣಾವರದ ಬಸ್ಸು ಹಿಡಿದ.

ಫೈನಲ್ ಹತ್ತಿರ ಬಂತು. ಅಭ್ಯಾಸಕ್ಕೆ ಕೂತರೆ ಅಂಕಿ ತೊಂಬತ್ತಮೂರಕ್ಕೆ ಏರಿ ಅಲ್ಲೇ ಬೀಡುಬಿಡುತ್ತಿತ್ತು. ಕಾರು ಕುಂಟುತ್ತಿತ್ತು. ಉಷಾರಾಣಿಗೆ ಅಳು ಒತ್ತರಿಸಿ ಬಂತು, ಹಿಂದೆಯೇ ಸಿಟ್ಟೂ ಬಂತು. ಮೇಷ್ಟ್ರು ಕಾಫಿಗೆ ಎದ್ದು ಹೋದಾಗ, ಆ ಅಂಕಿ ತೋರಿಸುವ ತಂತ್ರಾಂಶದ ಒಳಹೊಕ್ಕು, ಸೆಲ್ಸಿಯಸ್ ಎಂದಿದ್ದ ಕಡೆ ಫ್ಯಾರನ್‌ಹೀಟ್ ಎಂದು ಒತ್ತಿದಳು. ಬಿಸಿ ಅಷ್ಟೇ, ಅಳತೆಗೋಲು ಬೇರೆ. ತೊಂಬತ್ತಮೂರಿದ್ದದ್ದು ನೂರ ತೊಂಬತ್ತೊಂಬತ್ತಾಯಿತು.

ಮೇಷ್ಟ್ರು ಕಾಫಿ ಲೋಟದ ಸಮೇತ ಬಂದು, ಪರದೆ ನೋಡಿ, ಲೋಟ ಕೈಬಿಟ್ಟರು.

“ನೂರ ತೊಂಬತ್ತೊಂಬತ್ತು!”

ಇಂದುಧರ ಅವರು ಓಡಿಬಂದರು. ರಾಮಣ್ಣ ಬಾಗಿಲಲ್ಲೇ ನಿಂತು, “ಅಯ್ಯಯ್ಯೋ, ಕೊಬ್ಬರಿ ಅಂದ್ರೆ ಬರೀ ಎಣ್ಣೆ ಕಣ್ರೀ! ಹತ್ಕೊಂಡ್ರೆ ಊರೇ ಹೋಯ್ತದೆ!” ಎಂದು ತಲೆಯ ಮೇಲೆ ಕೈಯಿಟ್ಟುಕೊಂಡ. ಬೆಂಕಿ ಬಿದ್ದರೆ ಮೊದಲು ಉರಿಯುವುದು ಯಾರ ಮೂಟೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಅಧ್ಯಕ್ಷರಿಗೆ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು. ನಿಂತಲ್ಲೇ ಠರಾವಾಯಿತು: ಸುರಕ್ಷತೆಯ ದೃಷ್ಟಿಯಿಂದ ಎಲ್ಲ ಮೂಟೆಗಳನ್ನು ಯಂತ್ರದಿಂದ ದೂರ, ಎದುರು ಗೋಡೆಗೆ ಒರಗಿಸತಕ್ಕದ್ದು, ಕಿಟಕಿಯ ಮೊಳೆ ಕೀಳತಕ್ಕದ್ದು, ಹತ್ತಿಕೊಳ್ಳಬಹುದಾದ ನಾರನ್ನೆಲ್ಲ ಆಟಗಾರ್ತಿಯು ತೆಗೆಸತಕ್ಕದ್ದು.

ಆಟಗಾರ್ತಿಯು ವಿಧೇಯತೆಯಿಂದ ತೆಗೆಸಿದಳು. ಧರ್ಮೇಶ ಮತ್ತೆ ಬಂದು ಹೊಸ ಪೇಸ್ಟ್ ಹಚ್ಚಿದ. ಕಿಟಕಿಯಿಂದ ಒಳ್ಳೇ ತಂಪು ಗಾಳಿ ಬಂತು. ಯಂತ್ರ ಎಪ್ಪತ್ತಕ್ಕಿಳಿಯಿತು, ಅಂದರೆ ಪರದೆಯ ಮೇಲೆ ನೂರ ಐವತ್ತೆಂಟಕ್ಕೆ.

“ಹತೋಟಿಗೆ ಬಂತು,” ಎಂದು ಇಂದುಧರ ಅವರು ಹಣೆ ಒರೆಸಿಕೊಂಡರು. “ಮೊದಲು ತೊಂಬತ್ತರಲ್ಲಿ ಒಣಗಿಸ್ತಿದ್ವಿ. ಈಗ ಅಪಾಯಾನೂ ಇಲ್ಲ, ನೂರ ಐವತ್ತೆಂಟೂ ಐತೆ. ಇಡೀ ತಾಲೂಕಲ್ಲಿ ಯಾರ ಹತ್ರ ಐತೆ ಹೇಳಿ?”

ಮೇಷ್ಟ್ರಿಗೆ ಹಳೆಯ ಪಾಠವೊಂದು ತಲೆಯಲ್ಲಿ ಕೊರೆಯಿತು. “ಅಲ್ಲಾ, ನೂರಕ್ಕೇ ನೀರು ಕುದಿಯುತ್ತಲ್ಲ...”

“ಅದು ನೀರು ಮೇಷ್ಟ್ರೇ. ಇದು ಕಂಪ್ಯೂಟರ್ರು.”

ಮೇಷ್ಟ್ರು ಒಪ್ಪಿಕೊಂಡರು. ಇಷ್ಟೊಂದು ಶಾಖವನ್ನು ನಮ್ಮೂರೊಂದೇ ಅನುಭವಿಸುವುದು ಸ್ವಾರ್ಥವಾಗುತ್ತದೆಂದು, ಕಣಕಟ್ಟೆಯ ಕಡೆಯವರ ಮೂಟೆಗಳಿಗೂ ಅವಕಾಶ ಕೊಡಲಾಯಿತು. ಎದುರು ಗೋಡೆ ತುಂಬಿ, ಪಡಸಾಲೆ ತುಂಬಿ, ಮೂಟೆಗಳು ಜಗಲಿಯವರೆಗೆ ಬಂದವು. ಜಗಲಿಯ ಮೂಟೆಗಳ ಮೇಲೆ ಎರಚಲು ಬೀಳುತ್ತಿತ್ತು. ಆದರೂ ಅವು ನೂರ ಐವತ್ತೆಂಟು ಡಿಗ್ರಿಯ ಕಟ್ಟಡದಲ್ಲೇ ಇದ್ದವು.

ಫೈನಲ್ ದಿನ ಉಷಾರಾಣಿ ಉಸಿರು ಬಿಗಿಹಿಡಿದು ಓಡಿಸಿದಳು. ಕಾರು ಎಲ್ಲೂ ಮುಗ್ಗರಿಸಲಿಲ್ಲ. ಕೊನೆಯ ತಿರುವಿನಲ್ಲಿ ಬಿಕ್ಕೋಡಿನ ಉದಯಕುಮಾರನನ್ನು ಒಳಬದಿಯಿಂದ ಹಿಂದಿಕ್ಕಿ ಗೆರೆ ದಾಟಿದಾಗ ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ‘ಮೊದಲನೆಯ ಸ್ಥಾನ’ ಎಂದು ತನ್ನ ಹೆಸರಿನ ಮುಂದೆ ಬಂದದ್ದನ್ನು ಓದಿ, ಮತ್ತೆ ಓದಿ, ಕಣ್ಣಲ್ಲಿ ನೀರು ತಂದುಕೊಂಡಳು. ಅಯ್ಯೋ, ಎಂಥ ಖುಷಿ ಅಂತೀರಿ!

ಅಧ್ಯಕ್ಷರು ಹಾರ ಹಾಕಿ ಭಾಷಣ ಮಾಡಿದರು. “ತಂಪಲ್ಲಿ ಯಾರು ಬೇಕಾದ್ರೂ ಗೆಲ್ತಾರೆ. ನಮ್ಮ ಹುಡುಗಿ ನೂರ ಐವತ್ತೆಂಟು ಡಿಗ್ರೀಲಿ ಗೆದ್ದವಳೆ!” ಜನ ಚಪ್ಪಾಳೆ ತಟ್ಟಿದರು. ನಿಜ ಹೇಳಿಬಿಡೋಣ ಎಂದು ಉಷಾರಾಣಿ ಬಾಯಿ ತೆರೆದಳು, ಹಾರ ಅಡ್ಡ ಬಂತು. ಆಮೇಲೆ ಹೇಳಿದರಾಯಿತು ಅಂದುಕೊಂಡಳು.

ಕೊಬ್ಬರಿ ಮಾರಾಟಕ್ಕೆ ಹೋಯಿತು. ಖರೀದಿಗೆ ಬಂದ ವ್ಯಾಪಾರಿ ಶರತ್ಚಂದ್ರ ಒಂದು ಉಂಡೆ ಒಡೆದು, ಮೂಸಿ, ಮುಖ ಸಿಂಡರಿಸಿ, “ಹಸಿ ಐತಲ್ರೀ, ಬೂಷ್ಟೂ ಹಿಡಿದೈತೆ” ಎಂದ. ಅಧ್ಯಕ್ಷರು ‘ನೂರ ಐವತ್ತೆಂಟು ಡಿಗ್ರಿಯಲ್ಲಿ ಒಣಗಿಸಿದ್ದು’ ಎಂದು ಸಂಘವೇ ಮೊಹರು ಒತ್ತಿ ಕೊಟ್ಟಿದ್ದ ಪ್ರಮಾಣಪತ್ರ ತೋರಿಸಿದರು. ಶರತ್ಚಂದ್ರ ಓದಿದ. ಉಂಡೆಯನ್ನು ಇನ್ನೊಂದು ಸಲ ಮೂಸಿದ. ಈ ಕಾಗದ ತನ್ನ ಮುಂದಿನ ಗಿರಾಕಿಗೂ ಸಿಗುತ್ತದೆಯೇ ಎಂದು ಕೇಳಿದ. ಪ್ರತಿ ಮೂಟೆಗೂ ಒಂದೊಂದು ಎಂದು ತಿಳಿದ ಮೇಲೆ, ಇದು ಮೇಲ್ದರ್ಜೆಯ ಮಾಲು, ಇದಕ್ಕೆ ‘ಡಿಗ್ರಿ ಕೊಬ್ಬರಿ’ ಎಂದು ಬೇರೆಯೇ ವರ್ಗ ಇರಬೇಕು ಎಂದು ಅವನೇ ಸಲಹೆ ಕೊಟ್ಟ. ವರ್ಗವಾಯಿತು. ಮುಟ್ಟಿ, ಮೂಸಿ ನೋಡುವ ಪದ್ಧತಿ ಅವೈಜ್ಞಾನಿಕವೆಂದು ನಿಷೇಧಿಸಲಾಯಿತು. ಬಿಕ್ಕೋಡಿನವರು ಜೀಪಿನಲ್ಲಿ ಬಂದು ಯಂತ್ರ ನೋಡಿ, ತಮ್ಮ ಮೆಣಸಿಗೆ ಇನ್ನೂರು ಡಿಗ್ರಿಯಾದರೂ ಬೇಕೆಂದು ಇಲಾಖೆಗೆ ಅರ್ಜಿ ಹಾಕಿದರು.

ಮಹದೇವಮ್ಮ ಮನೆಗೆಂದು ಒಂದಷ್ಟು ಡಿಗ್ರಿ ಕೊಬ್ಬರಿ ಉಳಿಸಿಕೊಂಡು, ತುರಿದು, ಬೆಳ್ಳುಳ್ಳಿ ಕಾರ ಹಾಕಿ ಚಟ್ನಿಪುಡಿ ಕುಟ್ಟಿದಳು. ರಾಗಿ ರೊಟ್ಟಿಯ ಜೊತೆ ಬಾಯಿಗಿಟ್ಟ ಉಷಾರಾಣಿಗೆ ಗಂಟಲಿಗಿಳಿಯಲಿಲ್ಲ. ಮಣ್ಣಿನ ವಾಸನೆ, ಕಮಟು. ಅವಳಿಗೆ ಇನ್ನು ತಡೆಯಲಾಗಲಿಲ್ಲ.

“ಅವ್ವಾ, ತಿನ್ನಬೇಡ. ಇದು ಕೆಟ್ಟೋಗಿದೆ. ಅದು ನೂರ ಐವತ್ತೆಂಟಲ್ಲ, ಬರೀ ಎಪ್ಪತ್ತು. ಅಂಕಿ ಬದಲಾಯಿಸಿದ್ದು ನಾನೇ. ಗೆಲ್ಲೋ ಆಸೆಗೆ ಮಾಡಿದೆ ಕಣವ್ವಾ.”

ಮಹದೇವಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಮಗಳನ್ನು ಕನಿಕರದಿಂದ ನೋಡಿದಳು.

“ಅಷ್ಟು ಬಿಸೀಲಿ ಕೂತು ಆಡಿ ಆಡಿ ನಾಲಿಗೆ ಸುಟ್ಕೊಂಡಿದೀಯ ಕಣೇ. ಇಡೀ ಊರು ನೋಡಿಲ್ವಾ, ಮಿಷನ್ನೇ ಹೇಳೈತಲ್ಲ? ಸುಮ್ನೆ ತಿನ್ನು.”

ತಾಯಿ ಇನ್ನೊಂದು ಚಮಚ ಚಟ್ನಿಪುಡಿ ಬಡಿಸಿದಳು. ಜಿಲ್ಲೆಗೇ ಮೊದಲು ಬಂದವಳು ಅದಕ್ಕೊಂದಿಷ್ಟು ತುಪ್ಪ ಹಾಕಿಸಿಕೊಂಡು, ಕಲಸಿ, ತಿಂದಳು.